ಕಿರಾ ನೆರಿಸ್ ನಿಜಕ್ಕೂ ಮೆತ್ತಗಾದಳೇ? ‘ಡೀಪ್ ಸ್ಪೇಸ್ ನೈನ್’ ಪಾತ್ರಗಳ ಬೆಳವಣಿಗೆಯ ಕುರಿತು

ಶಿರಸಿ ಮಾಸ್ತರು

‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಧಾರಾವಾಹಿಯ ಕಿರಾ ನೆರಿಸ್ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಸಿದ್ಧ ವಾಕ್ಯ ಕೇಳಿಬರುತ್ತದೆ. ಮೊದಲ ಸೀಸನ್ನಿನಲ್ಲಿ ಮಾತೆತ್ತಿದರೆ ಕೆರಳುತ್ತಿದ್ದ ಹೆಂಗಸು ಏಳನೆಯ ಸೀಸನ್ನಿನ ಹೊತ್ತಿಗೆ ಶತ್ರುವನ್ನೇ ಕ್ಷಮಿಸುವಷ್ಟು ಮೆತ್ತಗಾದಳು, ಇದೇ ಅವಳ ಬೆಳವಣಿಗೆ ಎಂಬುದು ಆ ವಾಕ್ಯ. ನನಗೆ ಇದು ಸ್ವಲ್ಪವೂ ಒಪ್ಪಿಗೆಯಿಲ್ಲದ ಕಾರಣ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ನೋಡದವರಿಗಾಗಿ ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಬಜೋರ್ ಎಂಬ ಗ್ರಹವನ್ನು ಕಾರ್ಡೇಸಿಯನ್ನರು ಸುಮಾರು ಅರ್ಧ ಶತಮಾನ ಆಕ್ರಮಿಸಿಕೊಂಡಿದ್ದು, ಅಲ್ಲಿಯ ಜನರನ್ನು ಗಣಿ ಮತ್ತು ಶಿಬಿರಗಳಲ್ಲಿ ದುಡಿಸಿ, ಕೊನೆಗೆ ಬಿಟ್ಟು ಹೋಗಿದ್ದಾರೆ. ಅವರು ತೊರೆದ ಬಾಹ್ಯಾಕಾಶ ನಿಲ್ದಾಣವೇ ಕಥೆಯ ರಂಗಸ್ಥಳ. ಕಿರಾ ಚಿಕ್ಕ ವಯಸ್ಸಿನಲ್ಲೇ ಭೂಗತ ಹೋರಾಟಕ್ಕೆ ಸೇರಿದವಳು. ಸ್ವಾತಂತ್ರ್ಯ ಬಂದ ಮೇಲೆ ಮೇಜರ್ ಪದವಿಯಲ್ಲಿ ಅದೇ ನಿಲ್ದಾಣದ ಎರಡನೆಯ ಅಧಿಕಾರಿಯಾಗಿದ್ದಾಳೆ. ಹಿಂದಿನ ಸ್ಟಾರ್ ಟ್ರೆಕ್‌ಗಳಲ್ಲಿ ಹಡಗು ಪ್ರತಿ ವಾರ ಹೊಸ ಗ್ರಹಕ್ಕೆ ಹೋಗುತ್ತಿತ್ತು, ಹಿಂದಿನ ವಾರದ ಗ್ರಹದವರ ಪಾಡು ಏನಾಯಿತೆಂದು ಹಡಗಿನವರು ವಿಚಾರಿಸುವ ಪ್ರಸಂಗ ಅಪರೂಪವಾಗಿತ್ತು. ಇಲ್ಲಿ ನಿಲ್ದಾಣ ನಿಂತಲ್ಲೇ ನಿಂತಿದೆ. ಇಂದು ಜಗಳವಾಡಿದವನು ನಾಳೆ ಬೆಳಿಗ್ಗೆ ಅದೇ ಓಣಿಯಲ್ಲಿ ಎದುರಾಗುತ್ತಾನೆ. 1993ರಿಂದ 1999ರವರೆಗೆ ಏಳು ಸೀಸನ್‌ಗಳ ಕಾಲ ಪಾತ್ರಗಳು ಬೆಳೆಯಲು ಈ ಒಂದು ಏರ್ಪಾಡೇ ಮುಖ್ಯ ಕಾರಣ ಎಂದು ನಾನು ತಿಳಿದಿದ್ದೇನೆ.

ಈಗ ನನ್ನ ವಾದ. ಕಿರಾಳ ಬದಲಾವಣೆ ಆರಂಭವಾಗುವುದು ಬಹಳ ಜನ ಹೇಳುವ ಹಾಗೆ ‘ಡುಯೆಟ್’ ಕಂತಿನಿಂದಲ್ಲ, ಅದಕ್ಕಿಂತ ಮೊದಲೇ ಬರುವ ‘ಪ್ರೋಗ್ರೆಸ್’ ಎಂಬ ಕಂತಿನಿಂದ. ಬಜೋರಿನ ಚಂದ್ರಗಳಲ್ಲೊಂದಾದ ಜೆರಾಡೋದ ಒಡಲಿನಿಂದ ಶಕ್ತಿಯನ್ನು ತೆಗೆದು ಲಕ್ಷಾಂತರ ಮನೆಗಳಿಗೆ ಚಳಿಗಾಲದಲ್ಲಿ ಕಾವು ಒದಗಿಸುವ ಯೋಜನೆಯನ್ನು ಹೊಸ ಸರ್ಕಾರ ಹಾಕಿಕೊಂಡಿದೆ. ಕೆಲಸ ಶುರುವಾದರೆ ಅಲ್ಲಿಯ ಗಾಳಿ ವಿಷವಾಗುತ್ತದೆ, ಆದ್ದರಿಂದ ಎಲ್ಲರೂ ಜಾಗ ಖಾಲಿ ಮಾಡಬೇಕು. ಮುಲ್ಲಿಬೋಕ್ ಎಂಬ ಮುದುಕ ಮಾತ್ರ ಕದಲುವುದಿಲ್ಲ. ಕಿರಾ ಅವನನ್ನು ಒಪ್ಪಿಸಲು ಹೋಗಿ ಅವನ ಜೊತೆಯಲ್ಲೇ ಉಳಿಯುತ್ತಾಳೆ, ಅವನು ಅರ್ಧಕ್ಕೆ ನಿಲ್ಲಿಸಿದ್ದ ಇಟ್ಟಿಗೆಯ ಆವಿಗೆಯನ್ನು ಕಟ್ಟಲು ಕೈಜೋಡಿಸುತ್ತಾಳೆ, ಕೊನೆಗೆ ಅದೇ ಆವಿಗೆಯನ್ನು ಒಡೆದು ಅವನ ಗುಡಿಸಲಿಗೆ ತಾನೇ ಬೆಂಕಿ ಇಡುತ್ತಾಳೆ. ಇಷ್ಟು ಕಾಲ ಸರ್ಕಾರದ ವಿರುದ್ಧ ನಿಂತವಳು ಈಗ ತಾನೇ ಸರ್ಕಾರವಾಗಿದ್ದಾಳೆ ಎಂಬುದನ್ನು ನಿಲ್ದಾಣದ ಮುಖ್ಯಾಧಿಕಾರಿಯಾದ ಕಮಾಂಡರ್ ಸಿಸ್ಕೊ ಅವಳಿಗೆ ನೇರವಾಗಿಯೇ ಹೇಳುತ್ತಾನೆ. ಇದರಲ್ಲಿ ಮೆತ್ತಗಾಗುವುದು ಎಲ್ಲಿದೆ? ಮುಂದಿನ ಆರು ವರ್ಷಗಳಲ್ಲಿ ಅವಳು ಕಲಿಯುವುದು ಕ್ಷಮೆಯನ್ನಲ್ಲ, ಅಧಿಕಾರದ ಜಾಗದಲ್ಲಿ ನಿಂತೂ ಹಳೆಯ ಲೆಕ್ಕವನ್ನು ಮರೆಯದೆ ಇರುವುದನ್ನು.

ಕಾಳಿತೀರದವ

ಮಾಸ್ತರರೇ, ತಾವು ‘ಪ್ರೋಗ್ರೆಸ್’ ಕಂತನ್ನು ಎತ್ತಿಕೊಂಡದ್ದು ಒಳ್ಳೆಯದಾಯಿತು, ಏಕೆಂದರೆ ನನ್ನ ತಕರಾರು ಇರುವುದೂ ಅಲ್ಲಿಯೇ.

ಸೂಪಾ, ಕೊಡಸಳ್ಳಿ, ಕದ್ರಾ ಎಂದು ಸಾಲಾಗಿ ಅಣೆಕಟ್ಟುಗಳನ್ನು ಹೊತ್ತ ನದಿಯ ದಂಡೆಯವನು ನಾನು. ಮೇಲೆ ಕೈಗಾದ ಅಣುಸ್ಥಾವರ, ಕೆಳಗೆ ಕಡಲ ಬದಿಯಲ್ಲಿ ಸೀಬರ್ಡ್ ನೌಕಾನೆಲೆ. ನಮ್ಮ ಕಡೆಯಲ್ಲಿ ನಿರಾಶ್ರಿತರು ಎಂದರೆ ಯಾರೋ ದೂರದ ಜನರಲ್ಲ, ಮದುವೆಯ ಊಟಕ್ಕೆ ಪಕ್ಕದಲ್ಲಿ ಕುಳಿತುಕೊಳ್ಳುವವರು. ನನ್ನ ತಾಯಿಯ ತವರುಮನೆಯೂ ಒಂದು ಯೋಜನೆಗೆ ಹೋಗಿದೆ. ಆದ್ದರಿಂದ ಆ ಕಂತನ್ನು ನೋಡುವಾಗ ನನ್ನ ಕಣ್ಣು ಕಿರಾಳ ಮೇಲೆ ನಿಲ್ಲುವುದಿಲ್ಲ, ಮುದುಕನ ಮೇಲೆ ನಿಲ್ಲುತ್ತದೆ.

ತಾವು ಹೇಳಿದ್ದೆಲ್ಲ ಸರಿ. ಬೆಂಕಿ ಇಟ್ಟ ಕೈಯೇ ಆವಿಗೆಗೆ ಇಟ್ಟಿಗೆ ಜೋಡಿಸಿತ್ತು ಎಂಬುದು ಬಹಳ ಒಳ್ಳೆಯ ಬರವಣಿಗೆ. ಆದರೆ ಮುಲ್ಲಿಬೋಕ್ ಆಮೇಲೆ ಏನಾದ? ತನ್ನ ಜಾಗ ಬಿಟ್ಟರೆ ಸಾಯುತ್ತೇನೆ ಎಂದು ಅವನು ಹೇಳಿದ್ದ, ಸಾಯಲು ಬಿಡುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು. ಅಲ್ಲಿಗೆ ಕಂತು ಮುಗಿಯುತ್ತದೆ. ಅದಾದ ಮೇಲೆ ಏಳು ಸೀಸನ್‌ಗಳಲ್ಲಿ ಒಮ್ಮೆಯೂ ಆತ ಕಾಣಿಸಿಕೊಳ್ಳುವುದಿಲ್ಲ. ಎಬ್ಬಿಸಿದ ಅಧಿಕಾರಿಯ ಮನಸ್ಸು ಹೇಗೆ ಬೆಳೆಯಿತು ಎಂಬುದಕ್ಕೆ ಆರು ವರ್ಷ, ಎದ್ದು ಹೋದವನಿಗೆ ಮುಕ್ಕಾಲು ಗಂಟೆ. ನಿಲ್ದಾಣ ನಿಂತಲ್ಲೇ ನಿಂತಿರುವುದರಿಂದ ಪರಿಣಾಮಗಳು ಕಣ್ಣೆದುರಿಗೇ ಇರುತ್ತವೆ ಎಂದು ತಾವು ಬರೆದಿರಿ. ಈ ಒಂದು ಪರಿಣಾಮ ಮಾತ್ರ ಎಲ್ಲಿ ಹೋಯಿತು?

ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚು ಚುಚ್ಚುತ್ತದೆ. ಅದೇ ಕಂತಿನ ಪಕ್ಕದ ಕಥೆಯಲ್ಲಿ ಜೇಕ್ ಮತ್ತು ನಾಗ್ ಎಂಬ ಇಬ್ಬರು ಹುಡುಗರು ಯಾರಿಗೂ ಬೇಡವಾದ ಸಾಸಿನ ಪೊಟ್ಟಣಗಳನ್ನು ಕೊಟ್ಟು ಒಂದು ಬಗೆಯ ಬೋಲ್ಟುಗಳನ್ನು ಪಡೆಯುತ್ತಾರೆ, ಬೋಲ್ಟುಗಳನ್ನು ಕೊಟ್ಟು ಬಜೋರಿನಲ್ಲಿ ಒಂದಿಷ್ಟು ಭೂಮಿಯನ್ನು ಪಡೆಯುತ್ತಾರೆ, ಆ ಭೂಮಿ ಸರ್ಕಾರಕ್ಕೆ ಬೇಕಾಗಿದೆ ಎಂದು ಗೊತ್ತಾದ ಕೂಡಲೇ ಲಾಭಕ್ಕೆ ಇಳಿಯುತ್ತಾರೆ. ನಗಿಸುವ ಕಥೆ ಅದು. ಮುದುಕನೊಬ್ಬ ನೆಲಕ್ಕಾಗಿ ಪ್ರಾಣ ಬಿಡಲು ತಯಾರಾಗಿರುವ ಮುಕ್ಕಾಲು ಗಂಟೆಯಲ್ಲೇ, ನೆಲವನ್ನು ಕಣ್ಣಿನಿಂದ ಒಮ್ಮೆಯೂ ನೋಡದ ಹುಡುಗರು ಅದನ್ನು ಕೊಂಡು ಮಾರುತ್ತಾರೆ. ಬರೆದವರು ಬೇಕೆಂದೇ ಹೀಗೆ ಜೋಡಿಸಿದ್ದರೆ ಅದು ದೊಡ್ಡ ಮಾತು. ಆದರೆ ಎರಡೂ ಕಥೆಗಳು ಒಂದನ್ನೊಂದು ಎಲ್ಲಿಯೂ ಮುಟ್ಟುವುದೇ ಇಲ್ಲ, ಆದ್ದರಿಂದ ನನಗೆ ಅನುಮಾನ.

ಕುಮಟಾ ಅಕ್ಕೋರು

ಕಾಳಿತೀರದವರೇ, ತಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ಆದರೂ ತಕರಾರಿನ ಗುರಿ ತಪ್ಪಿದೆ ಎಂದು ನನ್ನ ಅಭಿಪ್ರಾಯ. ಮುಲ್ಲಿಬೋಕ್ ಅತಿಥಿ ಪಾತ್ರ. ಬ್ರಯನ್ ಕೀತ್ ಅವರಂಥ ಹಿರಿಯ ನಟರನ್ನು ಆ ಕಾಲದ ಧಾರಾವಾಹಿಗಳು ಒಂದು ಕಂತಿಗೆ ಕರೆಸುತ್ತಿದ್ದವು, ಅಲ್ಲಿಗೆ ಮುಗಿಯುತ್ತಿತ್ತು. ಅವನು ಮತ್ತೆ ಬರದಿದ್ದರೂ ಅವನ ಗುಡಿಸಲು ಸುಟ್ಟ ಕಿರಾ ಮತ್ತೆ ಮತ್ತೆ ಬರುತ್ತಾಳೆ, ಬಂದಾಗಲೆಲ್ಲ ಆ ಹೊಗೆಯನ್ನು ಮೈಮೇಲೆ ಹೊತ್ತುಕೊಂಡೇ ಬರುತ್ತಾಳೆ.

ಇದಕ್ಕೆ ನಾನು ಕೊಡುವ ಸಾಕ್ಷಿ ಆರನೆಯ ಸೀಸನ್ನಿನ ‘ರಾಕ್ಸ್ ಅಂಡ್ ಶೋಲ್ಸ್’. ಡೊಮಿನಿಯನ್ ಎಂಬ ಹೊರಗಿನ ಸಾಮ್ರಾಜ್ಯದ ಪಡೆ ಮತ್ತು ಕಾರ್ಡೇಸಿಯನ್ನರು ಸೇರಿ ನಿಲ್ದಾಣವನ್ನು ಮರಳಿ ವಶಪಡಿಸಿಕೊಂಡಿದ್ದಾರೆ. ಬಜೋರ್ ಅವರ ಜೊತೆ ಒಪ್ಪಂದ ಮಾಡಿಕೊಂಡಿರುವುದರಿಂದ ಕಿರಾ ಅಲ್ಲಿಯೇ ಕೆಲಸದಲ್ಲಿ ಉಳಿದಿದ್ದಾಳೆ. ಕಂತಿನಲ್ಲಿ ಅವಳ ಬೆಳಗನ್ನು ಎರಡು ಸಲ ತೋರಿಸುತ್ತಾರೆ: ಏಳುತ್ತಾಳೆ, ಕನ್ನಡಿ ನೋಡಿಕೊಳ್ಳುತ್ತಾಳೆ, ಕಾಫಿಯಂಥ ಒಂದು ಪೇಯವನ್ನು ತೆಗೆದುಕೊಳ್ಳುತ್ತಾಳೆ, ಶತ್ರುವಿನ ಸೈನಿಕರ ನಡುವೆ ನಡೆದು ಕೆಲಸಕ್ಕೆ ಹೋಗುತ್ತಾಳೆ. ಮೊದಲ ಸಲ ಅದು ಮಾಮೂಲಿ ಬೆಳಗು. ಯಾಸಿಮ್ ಎಂಬ ಸನ್ಯಾಸಿನಿ ಈ ಸಹಕಾರವನ್ನು ವಿರೋಧಿಸಿ ಎಲ್ಲರ ಕಣ್ಣೆದುರು ನೇಣಿಗೆ ಜಿಗಿದ ಮೇಲೆ ಅದೇ ಬೆಳಗು ಮತ್ತೆ ಬರುತ್ತದೆ, ಅದೇ ಕನ್ನಡಿ, ಅದೇ ಪೇಯ, ಈ ಸಲ ಕಿರಾಗೆ ತನ್ನ ಮುಖವನ್ನೇ ನೋಡಲು ಆಗುವುದಿಲ್ಲ. ಕಿರಾಳ ಪಾತ್ರಧಾರಿ ನಾನಾ ವಿಸಿಟರ್ ಇಲ್ಲಿ ಮಾಡಿದ ನಟನೆಯಲ್ಲಿ ಮಾತೇ ಇಲ್ಲ. ಮಾತಿಲ್ಲದೆ ಒಂದು ಪಾತ್ರ ಇಷ್ಟು ದೂರ ಸಾಗಿದ್ದನ್ನು ನಾನು ಬೇರೆ ಯಾವ ವೈಜ್ಞಾನಿಕ ಧಾರಾವಾಹಿಯಲ್ಲೂ ಕಂಡಿಲ್ಲ.

‘ಪ್ರೋಗ್ರೆಸ್’ ಕಂತಿನ ಕಿರಾ ಸರ್ಕಾರದ ಕಡೆ ನಿಲ್ಲುವುದನ್ನು ಕಲಿತಿರದಿದ್ದರೆ ‘ರಾಕ್ಸ್ ಅಂಡ್ ಶೋಲ್ಸ್’ ಕಂತಿನ ಕಿರಾಗೆ ಈ ಗತಿ ಬರುತ್ತಿರಲಿಲ್ಲ. ವ್ಯವಸ್ಥೆಯ ಒಳಗಿದ್ದು ಒಳ್ಳೆಯದನ್ನು ಮಾಡಬಹುದು ಎಂಬ ನಂಬಿಕೆಯನ್ನು ಅವಳು ಮೊದಲು ಕೊಂಡದ್ದು ಮುದುಕನ ಮನೆಯ ಬೆಲೆಗೆ. ಐದು ವರ್ಷಗಳ ಮೇಲೆ ಆ ನಂಬಿಕೆಯೇ ಅವಳನ್ನು ಶತ್ರುವಿನ ಕೈಯಾಳು ಮಾಡಿತು.

ಹೊಸ ನೋಡುಗ

ನಾನು ಮೊದಲ ಸೀಸನ್ನಿನ ಐದಾರು ಕಂತುಗಳನ್ನು ಮಾತ್ರ ನೋಡಿದ್ದೇನೆ. ಕೆಲವು ಕಂತುಗಳು ಬಹಳ ನಿಧಾನವೆನಿಸಿದವು. ತಾವೆಲ್ಲ ಹೇಳುವ ಈ ಬೆಳವಣಿಗೆಯನ್ನು ಕಾಣಲು ಎಲ್ಲವನ್ನೂ ನೋಡಲೇಬೇಕೇ, ಅಥವಾ ಆಯ್ದ ಕಂತುಗಳನ್ನು ನೋಡಿದರೆ ಸಾಕೇ? ಮುಂದಿನ ಕಥೆ ಮೊದಲೇ ಗೊತ್ತಾದರೆ ನನಗೆ ಬೇಸರವಿಲ್ಲ, ಚರ್ಚೆಯನ್ನು ಮುಂದುವರಿಸಿ.

ತಾಳಮದ್ದಳೆ ಹುಚ್ಚ, ಹೊನ್ನಾವರ

ಕಿರಾಳ ಬಗ್ಗೆ ಇಷ್ಟು ಮಾತಾಯಿತು, ಅವಳ ಎದುರಾಳಿ, ಕಾರ್ಡೇಸಿಯನ್ ಸೇನಾಧಿಕಾರಿ ಗಲ್ ಡುಕಾಟ್‌ನ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಪಾತ್ರದ ಬೆಳವಣಿಗೆ ಎಂದರೆ ನಾಯಕಿಯ ಬೆಳವಣಿಗೆ ಮಾತ್ರವೇ?

ನಮ್ಮ ಸೀಮೆಯಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಒಂದು ಅಭ್ಯಾಸವಿರುತ್ತದೆ. ಕೌರವನ ಅರ್ಥ ಹೇಳುವವನು ಕೌರವನ ಕಡೆಯಿಂದ ಪೂರ್ತಿ ಮಾತಾಡಬೇಕು, ಮಾತಾಡುತ್ತ ಮಾತಾಡುತ್ತ ಎದುರಿಗಿದ್ದ ಕೃಷ್ಣನ ಅರ್ಥಧಾರಿಯನ್ನು ಉತ್ತರಕ್ಕಾಗಿ ತಡಕಾಡುವಂತೆ ಮಾಡಬೇಕು. ಸಭೆ ಕೌರವನನ್ನು ಒಪ್ಪುವುದಿಲ್ಲ, ಆದರೆ ಅವನ ಮಾತಿಗೆ ತಲೆದೂಗುತ್ತದೆ. ಮಾರ್ಕ್ ಅಲೈಮೊ ಮೊದಲ ಐದು ಸೀಸನ್‌ಗಳಲ್ಲಿ ಡುಕಾಟ್‌ನನ್ನು ಆಡಿದ್ದು ಹೀಗೆಯೇ. ಬಜೋರಿನ ಆಡಳಿತಾಧಿಕಾರಿಯಾಗಿ ತಾನು ಸಾವುಗಳನ್ನು ಕಡಿಮೆ ಮಾಡಿದೆ, ಊಟವನ್ನು ಹೆಚ್ಚಿಸಿದೆ, ಈ ಜನ ತನ್ನ ಉಪಕಾರವನ್ನು ನೆನೆಯಲಿಲ್ಲ ಎಂದು ಅವನು ಕೊರಗುತ್ತಾನೆ. ಬಜೋರಿನ ಹೆಂಗಸಿನಲ್ಲಿ ತನಗೆ ಹುಟ್ಟಿದ ಮಗಳು ಝಿಯಾಲ್‌ಗಾಗಿ ಪದವಿಯನ್ನೂ ಕಳೆದುಕೊಳ್ಳುತ್ತಾನೆ. ಹಾಗೆ ನೋಡಿದರೆ ಅವನು ಕಿರಾಳಷ್ಟೇ ಸಂಕೀರ್ಣ.

ಆಮೇಲೆ 1998ರ ‘ವಾಲ್ಟ್ಜ್’ ಕಂತು ಬಂತು. ಡುಕಾಟ್ ಮತ್ತು ಸಿಸ್ಕೊ ಇಬ್ಬರೇ ಒಂದು ನಿರ್ಜನ ಗ್ರಹದ ಗುಹೆಯಲ್ಲಿ ಸಿಕ್ಕಿಕೊಂಡಿದ್ದಾರೆ, ಇಲ್ಲದ ಜನರು ಡುಕಾಟ್‌ನ ಕಿವಿಯಲ್ಲಿ ಮಾತಾಡುತ್ತಿದ್ದಾರೆ, ಕೊನೆಗೆ ಅವನು ಎಲ್ಲ ಬಜೋರನ್ನರನ್ನೂ ಕೊಂದುಬಿಡಬೇಕಾಗಿತ್ತು ಎಂದು ಒಪ್ಪಿಕೊಳ್ಳುತ್ತಾನೆ. ಈ ಒಂದು ಕಂತಿನ ಮಟ್ಟಿಗೆ ನನ್ನ ದೂರು ಇಲ್ಲ, ಮುಖವಾಡ ಕಳಚುವ ಪ್ರಸಂಗವಾಗಿ ಅದು ಗಟ್ಟಿಯಾಗಿದೆ. ನನ್ನ ದೂರು ಇರುವುದು ಅದರ ಮುಂದಿನ ದಾರಿಯ ಬಗ್ಗೆ. ಏಳನೆಯ ಸೀಸನ್ನಿನಲ್ಲಿ ಅವನು ದುಷ್ಟ ಶಕ್ತಿಗಳ ಆರಾಧಕನಾಗಿ, ಬಜೋರಿನ ರೈತನ ವೇಷ ಹಾಕಿಕೊಂಡು ಧರ್ಮಗುರು ವಿನ್‌ಳನ್ನು ಮರುಳು ಮಾಡಿ, ಕಣ್ಣು ಕೆಂಪಾದ ರಾಕ್ಷಸನಾಗಿ ಮುಗಿಯುತ್ತಾನೆ. ರಾಕ್ಷಸ ಪಾತ್ರಕ್ಕೆ ಬಣ್ಣದ ವೇಷ ಬೇಕು, ನಿಜ, ಆದರೆ ಅರ್ಥಗಾರಿಕೆಯ ಪಾತ್ರವನ್ನು ಆಟದ ಕೊನೆಗೆ ಬಣ್ಣದ ವೇಷಕ್ಕೆ ತಂದು ನಿಲ್ಲಿಸಿದರೆ ಮಾತು ಸತ್ತುಹೋಗುತ್ತದೆ. ಅಭಿಮಾನಿಗಳು ಖಳನನ್ನು ಹೆಚ್ಚು ಮೆಚ್ಚತೊಡಗಿದರೆಂದು ಬರೆಯುವವರಿಗೆ ಅಂಜಿಕೆಯಾಗಿರಬೇಕು ಎಂಬುದು ನನ್ನ ಊಹೆ.

ಸಿದ್ದಾಪುರದ ಮೊಮ್ಮಗಳು

ಡುಕಾಟ್‌ನ ಉಪಕಾರದ ಕೊರಗಿಗೆ ತಲೆದೂಗಿದ್ದು ಪ್ರೇಕ್ಷಕರ ತಪ್ಪಲ್ಲ, ಸರಿ. ಆದರೆ ಆ ತಲೆದೂಗುವಿಕೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ತೋರಿಸುವ ಹಕ್ಕು ಕಥೆಗಿದೆ. ಆಳಿದವನ ಸೌಜನ್ಯದ ಲೆಕ್ಕವನ್ನು ಆಳಿಸಿಕೊಂಡವರು ಬರೆದಿಲ್ಲ ಎಂಬುದನ್ನು ತಾವು ಮರೆತಿದ್ದೀರಿ.

ನಾನು ಬರೆಯಬೇಕೆಂದಿದ್ದುದು ಅಕ್ಕೋರು ಹೇಳಿದ ಯಾಸಿಮ್‌ಳ ಬಗ್ಗೆ. ಆ ದೃಶ್ಯ ಅತಿಯಾಯಿತು, ಒಬ್ಬ ಸನ್ಯಾಸಿನಿ ಹಾಗೆ ಮಾಡುವಳೇ ಎಂದು ಕೇಳುವವರಿದ್ದಾರೆ. ನಮ್ಮ ತಾಲೂಕಿನ ಚರಿತ್ರೆ ತಿಳಿದವರು ಹಾಗೆ ಕೇಳಲಾರರು. 1930ರ ದಶಕದ ಕರನಿರಾಕರಣೆಯಲ್ಲಿ ಸಿದ್ದಾಪುರ ಮತ್ತು ಅಂಕೋಲಾದ ರೈತರ ಭೂಮಿ ಜಪ್ತಿಯಾದಾಗ ಅದನ್ನು ಹರಾಜಿನಲ್ಲಿ ಕೊಂಡವರು ನಮ್ಮವರೇ ಆಗಿದ್ದರು. ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕುಳಿತದ್ದು ಬ್ರಿಟಿಷರ ಕಚೇರಿಯ ಮುಂದಲ್ಲ, ಹಾಗೆ ಕೊಂಡವರ ಮನೆಯ ಮುಂದೆ. ಪರಕೀಯನ ಮೇಲಿನ ಸಿಟ್ಟಿಗೆ ಒಂದು ದಾರಿಯಿದೆ, ಪರಕೀಯನ ಕೂಡ ಸೇರಿದ ನೆಂಟನ ಮೇಲಿನ ಸಿಟ್ಟಿಗೆ ತನ್ನ ದೇಹವನ್ನೇ ಒಡ್ಡುವುದು ಬಿಟ್ಟರೆ ಬೇರೆ ದಾರಿ ಇರುವುದಿಲ್ಲ. ಯಾಸಿಮ್ ಕಿರಾಳಿಗೆ ಮಾಡಿದ್ದು ಅದನ್ನೇ. ಅವಳ ಸಾವು ಡುಕಾಟ್‌ಗೆ ಹೇಳಿದ ಮಾತಲ್ಲ.

ಮಾಸ್ತರರು ಹೇಳಿದಂತೆ ಕಿರಾ ಮೆತ್ತಗಾಗಲಿಲ್ಲ ಎಂಬುದಕ್ಕೆ ಇನ್ನೂ ಗಟ್ಟಿಯಾದ ಸಾಕ್ಷಿಯೊಂದಿದೆ, ಅದನ್ನು ಯಾರೂ ಏಕೆ ಎತ್ತುವುದಿಲ್ಲವೋ ತಿಳಿಯದು. ಐದನೆಯ ಸೀಸನ್ನಿನ ‘ದಿ ಡಾರ್ಕ್‌ನೆಸ್ ಅಂಡ್ ದಿ ಲೈಟ್’ ಕಂತಿನಲ್ಲಿ ಅವಳ ಹಳೆಯ ಸಂಗಾತಿಗಳು ಒಬ್ಬೊಬ್ಬರಾಗಿ ಕೊಲೆಯಾಗುತ್ತಾರೆ. ಕೊಲೆಗಾರ ಪ್ರಿನ್ ಎಂಬ ಕಾರ್ಡೇಸಿಯನ್. ಅವನು ಸೈನಿಕನಲ್ಲ, ಸೇನಾಧಿಕಾರಿಯೊಬ್ಬನ ಮನೆಯ ಆಳು. ಕಿರಾ ಇಟ್ಟ ಬಾಂಬಿನಿಂದ ಅವನ ಮುಖ ವಿಕಾರವಾಗಿದೆ, ಆ ಮನೆಯ ಮಕ್ಕಳೂ ಸತ್ತಿದ್ದಾರೆ. ಗರ್ಭಿಣಿಯಾಗಿರುವ ಕಿರಾಳನ್ನು ಕಟ್ಟಿಹಾಕಿ ನಿನಗೆ ಪಶ್ಚಾತ್ತಾಪವಿಲ್ಲವೇ ಎಂದು ಅವನು ಕೇಳುತ್ತಾನೆ. ಅವಳು ಇಲ್ಲವೆನ್ನುತ್ತಾಳೆ. ಬಜೋರಿನಲ್ಲಿ ಅವರ್‍ಯಾರೂ ಇರಬಾರದಿತ್ತು, ಇದ್ದವರೆಲ್ಲ ಗುರಿಗಳೇ ಎಂಬುದು ಅವಳ ಉತ್ತರದ ತಿರುಳು. ‘ಡುಯೆಟ್’ ಕಂತಿನಲ್ಲಿ ಕಾರ್ಡೇಸಿಯನ್ ಎಂಬ ಒಂದೇ ಕಾರಣ ಕೊಲ್ಲಲು ಸಾಲದು ಎಂದು ಕಣ್ಣೀರು ಹಾಕಿದ ಅದೇ ಕಿರಾ ಇವಳು. ಎರಡೂ ಅವಳೇ. ಮೊದಲನೆಯದನ್ನು ಕಲಿತ ಕೂಡಲೇ ಎರಡನೆಯದು ಅಳಿಸಿಹೋಗಿದ್ದರೆ ನಾನು ಈ ಧಾರಾವಾಹಿಯನ್ನು ಅಲ್ಲಿಯೇ ನಿಲ್ಲಿಸುತ್ತಿದ್ದೆ.

ಶಿರಸಿ ಮಾಸ್ತರು

ಮೊಮ್ಮಗಳು ಬರೆದದ್ದನ್ನು ನಾನು ಮೊದಲ ಬರಹದಲ್ಲಿಯೇ ಸೇರಿಸಬಹುದಿತ್ತು, ಆದರೆ ಇಷ್ಟು ಚೆನ್ನಾಗಿ ಬರೆಯಲು ನನಗೆ ಆಗುತ್ತಿರಲಿಲ್ಲ.

ಹೊನ್ನಾವರದವರಿಗೆ ನನ್ನ ಉತ್ತರ ಡಮಾರ್. ನಾಲ್ಕನೆಯ ಸೀಸನ್ನಿನಲ್ಲಿ ಡುಕಾಟ್‌ನ ಹಡಗಿನಲ್ಲಿ ಅಪ್ಪಣೆ ಪಾಲಿಸುವ ಕಿರಿಯ ಅಧಿಕಾರಿಯಾಗಿ ಅವನು ಬಂದಾಗ ಆ ಮುಖವನ್ನು ನೆನಪಿಡುವ ಅಗತ್ಯವೇ ಇರಲಿಲ್ಲ. ಡುಕಾಟ್ ಕುಸಿದ ಮೇಲೆ ಅವನ ಗಾದಿಗೆ ಏರಿ, ಕುಡಿತಕ್ಕೆ ಬಿದ್ದು, ತನ್ನ ದೇಶವನ್ನು ಡೊಮಿನಿಯನ್‌ಗೆ ಒತ್ತೆಯಿಟ್ಟ ಕಾಗದಗಳಿಗೆ ರುಜು ಹಾಕುತ್ತ, ಕೊನೆಗೆ ಒಂದು ದಿನ ದಂಗೆ ಏಳುತ್ತಾನೆ. ಡುಕಾಟ್‌ನಲ್ಲಿ ಮುಗಿಯದೆ ಉಳಿದ ಕಾರ್ಡೇಸಿಯನ್ ಮನಸ್ಸಿನ ಕಥೆಯನ್ನು ಬರಹಗಾರರು ಇವನ ಕೈಗೆ ದಾಟಿಸಿದರು. ಡುಕಾಟ್ ರಾಕ್ಷಸನಾಗಿ ಕೆಟ್ಟನೆಂಬ ತಮ್ಮ ದುಃಖದಲ್ಲಿ ನಾನೂ ಅರ್ಧ ಪಾಲುದಾರ, ಇನ್ನರ್ಧ ದುಃಖವನ್ನು ಡಮಾರ್ ತೀರಿಸಿದ್ದಾನೆ.

1999ರ ‘ಟ್ಯಾಕಿಂಗ್ ಇನ್‌ಟು ದಿ ವಿಂಡ್’ ಕಂತನ್ನು ನೆನಪಿಸಿಕೊಳ್ಳಿ. ಕಾರ್ಡೇಸಿಯನ್ ಬಂಡಾಯಗಾರರಿಗೆ ಭೂಗತ ಹೋರಾಟದ ವಿದ್ಯೆಯನ್ನು ಕಲಿಸಲು ಕಿರಾಳನ್ನೇ ಕಳಿಸಿದ್ದಾರೆ, ಬಜೋರನ್ ಸಮವಸ್ತ್ರವನ್ನು ಅವರು ಸಹಿಸಲಾರರೆಂದು ಸಿಸ್ಕೊನ ಪಡೆಯಾದ ಸ್ಟಾರ್‌ಫ್ಲೀಟ್‌ನ ಸಮವಸ್ತ್ರ ತೊಡಿಸಿದ್ದಾರೆ. ಯಾರ ವಿರುದ್ಧ ಕಲಿತಳೋ ಅವರಿಗೇ ಅದನ್ನು ಕಲಿಸಬೇಕಾದ ಪ್ರಸಂಗ. ಡಮಾರ್‌ನ ಹೆಂಡತಿ ಮತ್ತು ಮಗನನ್ನು ಡೊಮಿನಿಯನ್ ಕೊಂದಿತೆಂಬ ಸುದ್ದಿ ಬರುತ್ತದೆ. ನಿರಪರಾಧಿಗಳಾದ ಹೆಂಗಸರು ಮಕ್ಕಳನ್ನು ಕೊಲ್ಲಿಸುವವರು ಎಂಥ ಜನ ಎಂದು ಅವನು ಗೋಳಾಡುತ್ತಾನೆ. ಹೌದು ಡಮಾರ್, ಅಂಥ ಅಪ್ಪಣೆ ಕೊಡುವವರು ಎಂಥ ಜನ ಎಂದು ಕಿರಾ ಅದೇ ಪ್ರಶ್ನೆಯನ್ನು ಅವನಿಗೆ ಹಿಂತಿರುಗಿಸುತ್ತಾಳೆ. ತಾನು ಮಗಳಂತೆ ಕಂಡಿದ್ದ ಝಿಯಾಲ್‌ಳನ್ನು ಗುಂಡಿಟ್ಟು ಕೊಂದವನು ಇದೇ ಡಮಾರ್ ಎಂಬುದು ಅವಳಿಗೆ ಗೊತ್ತಿದೆ. ಮೆತ್ತಗಾದವಳು ಆ ಹೊತ್ತಿನಲ್ಲಿ ಸಮಾಧಾನ ಹೇಳುತ್ತಿದ್ದಳು. ಹಳೆಯ ಕಿರಾ ಆಗಿದ್ದರೆ ಅವನನ್ನು ಅಲ್ಲಿಯೇ ಬಿಟ್ಟು ಬರುತ್ತಿದ್ದಳು. ಇವಳು ಎರಡನ್ನೂ ಮಾಡದೆ, ಆ ಮಾತನ್ನು ಆಡಿ, ಆಮೇಲೂ ಅವನ ಪಕ್ಕದಲ್ಲೇ ನಿಂತು ಯುದ್ಧವನ್ನು ಮುಂದುವರಿಸುತ್ತಾಳೆ.

ಕಾಳಿತೀರದವರಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಒಂದು ಮಾಹಿತಿ ಮಾತ್ರ ಕೊಡುತ್ತೇನೆ. ‘ಪ್ರೋಗ್ರೆಸ್’ ಬರೆದವರು ಪೀಟರ್ ಆಲನ್ ಫೀಲ್ಡ್ಸ್. ‘ಡುಯೆಟ್’ ಕಂತಿನ ಚಿತ್ರಕಥೆಯೂ ಅವರದೇ, ಎರಡನೆಯ ಸೀಸನ್ನಿನ ‘ನೆಸಸರಿ ಈವಿಲ್’ ಕೂಡ ಅವರದೇ. ಮೂರನ್ನೂ ಸಾಲಾಗಿ ನೋಡಿದರೆ ಒಂದೇ ಕೈ ಕಾಣುತ್ತದೆ: ಪ್ರತಿಯೊಂದರ ಕೊನೆಯಲ್ಲೂ ಕಿರಾ ಮಾಡಿದ ಅಥವಾ ಕಂಡ ಒಂದು ಹಿಂಸೆ ಇದೆ, ಅದಕ್ಕೆ ಯಾರೂ ಸಮಾಧಾನ ಹೇಳುವುದಿಲ್ಲ. ಮುದುಕನನ್ನು ಮತ್ತೆ ತೋರಿಸದೆ ಇರುವುದು ಮರೆವಲ್ಲ, ಆ ಕೈಯ ಸ್ವಭಾವ ಎಂದು ನಾನು ಓದಿಕೊಂಡಿದ್ದೇನೆ.

ಬೈತಖೋಲ ಬಂದರು

ಹಡಗು, ಸಮವಸ್ತ್ರ ಎರಡನ್ನೂ ದಿನಾ ನೋಡುವ ಕಾರವಾರದಿಂದ ನಾಗ್‌ನ ಪರವಾಗಿ ನಾಲ್ಕು ಮಾತು. ಮೇಲೆ ಒಬ್ಬರು ಸಾಸು, ಬೋಲ್ಟು ಮಾರುವ ಹುಡುಗನೆಂದು ದೂರಿದರಲ್ಲ, ಅದೇ ನಾಗ್.

ಫೆರೆಂಗಿ ಜನಾಂಗಕ್ಕೆ ಲಾಭವೇ ಧರ್ಮ. ಆ ಕುಲದ ಹುಡುಗ ಮೂರನೆಯ ಸೀಸನ್ನಿನ ‘ಹಾರ್ಟ್ ಆಫ್ ಸ್ಟೋನ್’ ಕಂತಿನಲ್ಲಿ ಸಿಸ್ಕೊನ ಮುಂದೆ ನಿಂತು ಸ್ಟಾರ್‌ಫ್ಲೀಟ್ ಸೇರಲು ಶಿಫಾರಸು ಕೇಳುತ್ತಾನೆ. ಏಕೆಂದು ಒತ್ತಿ ಕೇಳಿದಾಗ, ಯಂತ್ರಗಳನ್ನು ಅರಿತೂ ವ್ಯಾಪಾರ ಅರಿಯದ ಕಾರಣಕ್ಕೆ ಜೀವನಪೂರ್ತಿ ತಲೆ ತಗ್ಗಿಸಿ ಬದುಕಿದ ತನ್ನ ಅಪ್ಪನ ಹಾಗೆ ತಾನು ಆಗಬಾರದು ಎನ್ನುತ್ತಾನೆ. ಏರನ್ ಐಸೆನ್‌ಬರ್ಗ್ ಆ ಮಾತನ್ನು ಆಡುವವರೆಗೆ ನಾಗ್ ಬರೀ ನಗೆಪಾತ್ರ. ಏಳನೆಯ ಸೀಸನ್ನಿನ ‘ದಿ ಸೀಜ್ ಆಫ್ ಎಆರ್-558’ ಕಂತಿನಲ್ಲಿ ಅವನು ಯುದ್ಧದಲ್ಲಿ ಕಾಲು ಕಳೆದುಕೊಳ್ಳುತ್ತಾನೆ. ‘ಇಟ್ಸ್ ಓನ್ಲಿ ಅ ಪೇಪರ್ ಮೂನ್’ ಕಂತಿನಲ್ಲಿ ಹೊಸ ಕಾಲು ಬಂದಿದೆ, ವೈದ್ಯರ ಪ್ರಕಾರ ಏನೂ ತೊಂದರೆಯಿಲ್ಲ, ಆದರೂ ನೋವು ಹೋಗಿಲ್ಲ. ಅವನು 1962ರ ಲಾಸ್ ವೇಗಸ್‌ನ ಕೃತಕ ಲೋಕವೊಂದರೊಳಗೆ ಸೇರಿಕೊಂಡು ಹೊರಗೆ ಬರಲು ಒಪ್ಪುವುದಿಲ್ಲ. ಮುಖ್ಯ ಪಾತ್ರಧಾರಿಗಳು ಬಹುಮಟ್ಟಿಗೆ ಪಕ್ಕಕ್ಕೆ ಸರಿದು, ಒಬ್ಬ ಪೋಷಕ ನಟ ಮತ್ತು ಕಂಪ್ಯೂಟರ್ ಸೃಷ್ಟಿಸಿದ ಒಬ್ಬ ಗಾಯಕನಿಗೆ ಪೂರ್ತಿ ಕಂತನ್ನು ಬಿಟ್ಟುಕೊಟ್ಟರು. ಧಾರಾವಾಹಿಗೆ ಮನಸ್ಸಿದ್ದಾಗ ಪೆಟ್ಟು ತಿಂದವನ ಹಿಂದೆ ಅದು ಎಷ್ಟು ದೂರ ಬೇಕಾದರೂ ಹೋಗುತ್ತದೆ ಎಂಬುದಕ್ಕೆ ಇದನ್ನು ಹೇಳಿದೆ.

ಕಾಳಿತೀರದವ

ಬಂದರಿನವರೇ, ನನ್ನ ವಾದವನ್ನು ತಾವೇ ಗಟ್ಟಿ ಮಾಡಿದಿರಿ. ಮನಸ್ಸಿದ್ದಾಗ ಹೋಗುತ್ತದೆ, ಒಪ್ಪಿದೆ. ಸಮವಸ್ತ್ರ ತೊಟ್ಟು ಕಾಲು ಕಳೆದುಕೊಂಡವನ ನೋವಿಗೆ ಒಂದು ಇಡೀ ಕಂತು ಸಿಕ್ಕಿತು. ಯೋಜನೆಗೆ ಮನೆ ಕಳೆದುಕೊಂಡವನಿಗೆ ಹೊಸ ಜಾಗದಲ್ಲಿ ನಿದ್ದೆ ಬಂತೇ ಎಂದು ಕೇಳಲು ಅರ್ಧ ದೃಶ್ಯವೂ ಸಿಗಲಿಲ್ಲ. ನೋವು ಎರಡೂ ಒಂದೇ ಜಾತಿಯದು. ಹೊಸ ಮನೆಗೆ ಗೋಡೆ, ಮಾಡು, ವಿದ್ಯುತ್ತು ಎಲ್ಲ ಇದೆ, ಕಾಗದದ ಪ್ರಕಾರ ತೊಂದರೆಯಿಲ್ಲ, ಆದರೂ ಮುದುಕರು ಜಗುಲಿಯಲ್ಲಿ ಕುಳಿತಲ್ಲೇ ಇಳಿದುಹೋಗುವುದನ್ನು ನಾವು ಪುನರ್ವಸತಿ ಕಾಲನಿಗಳಲ್ಲಿ ನೋಡಿದ್ದೇವೆ. ನಾಗ್‌ನ ಕಂತನ್ನು ಬರೆಯಬಲ್ಲವರಿಗೆ ಮುಲ್ಲಿಬೋಕ್‌ನ ಕಂತನ್ನು ಬರೆಯುವುದು ಕಷ್ಟವಾಗಿರಲಿಲ್ಲ.

ಮಾಸ್ತರರು ಅದನ್ನು ಬರಹಗಾರರ ಸ್ವಭಾವ ಎಂದರು. ಇರಬಹುದು. ಆದರೆ ‘ನೆಸಸರಿ ಈವಿಲ್’ ಕಂತಿನ ಕೊನೆಯಲ್ಲಿ, ಕಿರಾ ಹಿಂದೆ ಒಬ್ಬ ಅಂಗಡಿಕಾರನನ್ನು ಕೊಂದದ್ದು ಬಯಲಾದ ಮೇಲೆ, ನನ್ನನ್ನು ಮೊದಲಿನಂತೆ ನಂಬುವೆಯಾ ಎಂದು ಅವಳು ನಿಲ್ದಾಣದ ಭದ್ರತಾಧಿಕಾರಿ ಓಡೋನನ್ನು ಕೇಳುತ್ತಾಳೆ, ಅವನು ಉತ್ತರ ಕೊಡುವುದಿಲ್ಲ. ಆ ಮೌನ ಕೆಲಸ ಮಾಡುವುದು ಏಕೆಂದರೆ ಓಡೋ ಮುಂದಿನ ವಾರವೂ ಅಲ್ಲಿರುತ್ತಾನೆ, ಅವನ ಕಣ್ಣನ್ನು ಅವಳು ಎದುರಿಸಬೇಕಾಗುತ್ತದೆ. ಮುಲ್ಲಿಬೋಕ್‌ನ ಕಣ್ಣನ್ನು ಅವಳು ಎದುರಿಸಬೇಕಾಗಿ ಬರಲೇ ಇಲ್ಲ. ಕಿರಾಳ ಬೆಳವಣಿಗೆ ಈ ಧಾರಾವಾಹಿಯ ಅತ್ಯುತ್ತಮ ಭಾಗ ಎಂಬುದನ್ನು ನಾನೂ ಒಪ್ಪುತ್ತೇನೆ. ಅದರ ತಳದಲ್ಲಿ ಕೊಡದೆ ಉಳಿದ ಒಂದು ಪರಿಹಾರ ಇದೆ ಎಂಬುದಷ್ಟೇ ನನ್ನ ಮಾತು.

ಕುಮಟಾ ಅಕ್ಕೋರು

‘ಮೈಮೇಲೆ ಹೊತ್ತುಕೊಂಡ ಹೊಗೆ’ ಎಂದು ನಾನು ಬರೆದದ್ದಕ್ಕೆ ಇದು ಸರಿಯಾದ ಪೆಟ್ಟು, ಆದರೂ ಪಟ್ಟು ಬಿಡುವುದಿಲ್ಲ. ಗುಡಿಸಲಿಗೆ ಬೆಂಕಿ ಇಡು ಎಂದು ಅವಳಿಗೆ ಯಾರೂ ಅಪ್ಪಣೆ ಮಾಡಿರಲಿಲ್ಲ. ಬಲವಂತವಾಗಿ ಎತ್ತಿಕೊಂಡು ಹೋಗಲು ಸಿಬ್ಬಂದಿಯಿದ್ದರು, ಆ ಕೆಲಸವನ್ನು ಅವರಿಗೆ ಬಿಟ್ಟು ತಾನು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಿದ್ದರೆ ಮಾತ್ರ ಅವಳು ನೀವು ಹೇಳುವ ಅಧಿಕಾರಿಯಾಗುತ್ತಿದ್ದಳು. ನೋಡಿದವರು ಆ ಕೊನೆಯ ಐದು ನಿಮಿಷಗಳನ್ನು ಇನ್ನೊಮ್ಮೆ ನೋಡಿ ಬಂದು ಬರೆಯಬೇಕೆಂದು ಕೋರುತ್ತೇನೆ.

ಹೊಸ ನೋಡುಗರಿಗೆ: ಮೊದಲ ಸೀಸನ್ನಿನಲ್ಲಿ ‘ಪ್ರೋಗ್ರೆಸ್’ ಮತ್ತು ‘ಡುಯೆಟ್’ ಎರಡನ್ನೂ ಬಿಡದೆ ನೋಡಿ, ಉಳಿದವುಗಳಲ್ಲಿ ಬೇಸರ ಬಂದದ್ದನ್ನು ಬಿಡಬಹುದು. ಎರಡನೆಯ ಸೀಸನ್ನಿನ ‘ನೆಸಸರಿ ಈವಿಲ್’ ಆದ ಮೇಲೆ ಬಿಡುವ ಮನಸ್ಸು ತಮಗೇ ಬರಲಾರದು. ಆರನೆಯ ಸೀಸನ್ನಿನ ಮೊದಲ ಆರು ಕಂತುಗಳು ಒಂದೇ ಕಥೆಯ ಭಾಗಗಳು, ಅವುಗಳನ್ನು ಸಾಲು ತಪ್ಪಿಸದೆ ನೋಡಬೇಕು.

ಹೊಸ ನೋಡುಗ

ಉಪಕಾರವಾಯಿತು ಅಕ್ಕೋರೇ. ‘ಪ್ರೋಗ್ರೆಸ್’ ನೋಡಿ ಮುಗಿಸಿದೆ. ಸಿಸ್ಕೊ ಅವಳನ್ನು ಮಾತಾಡಿಸಲು ಬಂದಾಗ ಅವಳು ಸಮವಸ್ತ್ರದ ಮೇಲಂಗಿಯನ್ನು ಬಿಚ್ಚಿಟ್ಟು ಇಟ್ಟಿಗೆಯ ಕೆಲಸದಲ್ಲಿರುತ್ತಾಳೆ, ಅವನು ಅದನ್ನು ಗಮನಿಸುತ್ತಾನೆ. ಬೆಂಕಿಯ ಬಗ್ಗೆ ನನಗೆ ಅಕ್ಕೋರ ಮಾತು ಸರಿಯೆನಿಸಿತು, ಮುದುಕನ ಬಗ್ಗೆ ಕಾಳಿತೀರದವರ ಮಾತು ಸರಿಯೆನಿಸಿತು. ಹುಡುಗರ ಭೂಮಿಯ ವ್ಯಾಪಾರವನ್ನು ನೋಡುವಾಗ ಮಾತ್ರ ಇಲ್ಲಿ ಓದಿದ್ದು ನೆನಪಾಗಿ ನಗು ಬರಲಿಲ್ಲ. ಇನ್ನು ‘ಡುಯೆಟ್’ ನೋಡಿ ಬರೆಯುತ್ತೇನೆ.